ಹಕ್ಕಿಗಳ ಕೆರೆಯನ್ನು ನೋಡುವ ಬಗೆ



ಕಳೆದ ವರ್ಷ ಭೂಗೋಳದ ಪಾಠಕ್ಕೆ ಪೂರಕವಾಗಿ ಏಳನೆಯ ಇಯತ್ತೆಯ ಮಕ್ಕಳಿಗೆ ಆಫ್ರಿಕ ಖಂಡದ ನಕುರು ಸರೋವರದ ಚಲಚ್ಚಿತ್ರವೊಂದನ್ನು ತೋರಿಸಿದೆವು. ನೀರಿನ ಅಂಚಿನುದ್ದಕ್ಕೂ ಗುಲಾಬಿ ಬಣ್ಣದ ರಾಜಹಂಸಗಳ ಸಾಲು, ದಡದ ಹುಲ್ಲಿನಲ್ಲಿ ಮೇಯುವ ಘೇಂಡಾಮೃಗ, ಅದರಾಚೆ ಕತ್ತು ನೀಡಿ ನಿಂತ ಜಿರಾಫೆ. ಇವನ್ನು ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ಚಿತ್ರ ಮುಗಿದೊಡನೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು, "ಸರ್, ಇಂಥಾ ಕೆರಿ ನಮ್ಮ ಕಡೆ ಇಲ್ಲೇನ್ರಿ?" ಎಂದು ಕೇಳಿದನು. "ನಮ್ಮ ಕಡೆ" ಎಂದರೆ ಯಾವ ಕಡೆ ಎಂದು ನಾನು ಮರಳಿ ಕೇಳಲಿಲ್ಲ. ಗೋವೆಯಲ್ಲಿ ಹುಟ್ಟಿ ಬೆಳೆದು, ಬೇಸಗೆಯ ರಜೆಗೆ ಗದಗ ಜಿಲ್ಲೆಯ ಅಜ್ಜನ ಊರಿಗೆ ಹೋಗಿಬರುವ ಆ ಹುಡುಗನಿಗೆ ಎರಡು ಕಡೆಗಳೂ ತನ್ನವೇ. ಘಂಟೆ ಬಾರಿಸಿದ್ದರಿಂದ ಅಂದು ಅವನಿಗೆ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಕುರುವಿನ ಸಂಗತಿಯನ್ನೇ ಸ್ವಲ್ಪ ತಿಳಿಯೋಣ. ಪೂರ್ವ ಆಫ್ರಿಕದ ಕೀನ್ಯ ದೇಶದಲ್ಲಿ, ಭೂಮಿಯ ಹೊರಪದರವು ಬಿರಿದು ಉಂಟಾದ ಮಹಾಕಣಿವೆಯಲ್ಲಿ ಈ ಸರೋವರವಿದೆ. ಗೋವೆಯ ಎಷ್ಟೋ ಕುಟುಂಬಗಳವರು ಕಳೆದ ಶತಮಾನದಲ್ಲಿ ಉದ್ಯೋಗಕ್ಕಾಗಿ ಹಡಗು ಹತ್ತಿ ಹೋದುದು ಈ ದೇಶಕ್ಕೇ. ಸರೋವರಕ್ಕೆ ಸುತ್ತಲಿನ ಹಳ್ಳಗಳ ನೀರು ಬಂದು ಸೇರುತ್ತದೆ. ಆದರೆ ಹೊರಹೋಗಲು ದಾರಿಯಿಲ್ಲ. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತ, ಕ್ಷಾರವು ಉಳಿಯುತ್ತ ಬಂದುದರಿಂದ ಅದು ಸವುಳು ನೀರಿನ ಸರೋವರವಾಯಿತು. ಅಂಥ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಒಂದು ಪಾಚಿ ದಟ್ಟವಾಗಿ ಬೆಳೆಯುತ್ತದೆ. ರಾಜಹಂಸವು ಕೊಕ್ಕನ್ನು ತಲೆಕೆಳಗಾಗಿ ನೀರಿನಲ್ಲಿ ಅದ್ದಿ, ಜರಡಿ ಹಿಡಿದಂತೆ ಆ ಪಾಚಿಯನ್ನು ಸೋಸಿ ತಿನ್ನುತ್ತದೆ. ಅದರ ಗರಿಗಳ ಗುಲಾಬಿ ಬಣ್ಣವೂ ಆ ಆಹಾರದಿಂದಲೇ ಬರುವುದು. 1961ರಲ್ಲಿ ಈ ಸ್ಥಳವನ್ನು ಪಕ್ಷಿಧಾಮವೆಂದು ಸಾರಲಾಯಿತು. 1968ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸುಮಾರು 188 ಚದರ ಕಿಲೋಮೀಟರುಗಳ ಆ ಉದ್ಯಾನಕ್ಕೆ ಸುತ್ತಲೂ ವಿದ್ಯುತ್ ಬೇಲಿ ಹಾಕಲಾಗಿದೆ.

ಆದರೆ ಚಿತ್ರದಲ್ಲಿ ನಾವು ನೋಡಿದ ರಾಜಹಂಸಗಳ ಆ ಸಾಲು ಇಂದು ಅಲ್ಲಿ ಹಿಂದಿನಷ್ಟು ಕಾಣುವುದಿಲ್ಲ. 2010ರಿಂದೀಚೆಗೆ ಆ ಪ್ರದೇಶದಲ್ಲಿ ಮಳೆ ಹೆಚ್ಚಿ, ಸರೋವರದ ಮಟ್ಟವು ಏರತೊಡಗಿತು. ಉದ್ಯಾನದ ಹಳೆಯ ಹೆಬ್ಬಾಗಿಲೇ ನೀರಿನಲ್ಲಿ ಮುಳುಗಿತು. ನೀರು ಹೆಚ್ಚಿದಂತೆ ಕ್ಷಾರವು ತೆಳುವಾಯಿತು. ಕ್ಷಾರ ತೆಳುವಾದಂತೆ ಪಾಚಿ ಕಡಿಮೆಯಾಯಿತು. ಪಾಚಿ ಕಡಿಮೆಯಾದಂತೆ ರಾಜಹಂಸಗಳು ಬೊಗೋರಿಯ ಮೊದಲಾದ ಬೇರೆ ಸರೋವರಗಳಿಗೆ ಹೊರಟುಹೋದವು. ಬೇಟೆಗಾರನು ಬರಲಿಲ್ಲ, ಬೇಲಿ ಮುರಿಯಲಿಲ್ಲ. ನೀರಿನ ಮಟ್ಟ ಬದಲಾಯಿತು, ಅಷ್ಟೇ. ಹಕ್ಕಿಗಳ ಕೆರೆಯನ್ನು ನೋಡಹೋಗುವವನು ಎಲ್ಲಕ್ಕಿಂತ ಮೊದಲು ಅರಿಯತಕ್ಕದ್ದು ಇದನ್ನೇ. ಕೆರೆಯಲ್ಲಿ ಯಾವ ಹಕ್ಕಿ ಇರಬೇಕೆಂಬುದನ್ನು ನಿರ್ಧರಿಸುವುದು ನೀರಿನ ಆಳ ಮತ್ತು ಅದರ ಗುಣ.

ಈಗ ನಮ್ಮ ಕಡೆಗೆ ಬರೋಣ. ಹಳೆ ಗೋವೆಯ ಸಮೀಪ, ತಿಸವಾಡಿ ತಾಲೂಕಿನಲ್ಲಿ ಕರಮಳಿ ಎಂಬ ಗ್ರಾಮವಿದೆ. ಕೊಂಕಣ ರೈಲುಮಾರ್ಗದಲ್ಲಿ ಪ್ರಯಾಣ ಮಾಡಿದವರು ಆ ಹೆಸರಿನ ನಿಲ್ದಾಣವನ್ನು ಬಲ್ಲರು. ಅಲ್ಲಿರುವ ಕೆರೆಯು ಸುಮಾರು 70 ಹೆಕ್ಟೇರು ವಿಸ್ತಾರವುಳ್ಳದ್ದು. ಅದು ತಾನಾಗಿ ಆದ ಸರೋವರವಲ್ಲ; ಗದ್ದೆಗಳಿಗೆ ನೀರೊದಗಿಸಲು ಹಿಂದಿನವರು ಏರಿ ಕಟ್ಟಿ ಮಾಡಿದ್ದು. ಮಳೆಗಾಲದಲ್ಲಿ ತುಂಬಿಕೊಂಡ ನೀರು, ಇಲ್ಲಿಯ ಜನ ವಾಯಂಗಣ ಎಂದು ಕರೆಯುವ ಹಿಂಗಾರಿ ಭತ್ತಕ್ಕೆ ಆಧಾರ. ನವೆಂಬರದಲ್ಲಿ ತುಂಬಿ ನಿಂತ ಕೆರೆಯು ಬೇಸಗೆ ಸಮೀಪಿಸಿದಂತೆ ಇಳಿಯುತ್ತ ಬಂದು ಕಡೆಗೆ ಕೆಸರಿನ ಬಯಲಾಗುತ್ತದೆ.

ಈ ಇಳಿತವನ್ನು ಹಕ್ಕಿಗಳ ಲೆಕ್ಕದಲ್ಲಿ ಓದಲು ಬರುತ್ತದೆ. ನೀರು ಆಳವಾಗಿರುವಾಗ ಮುಳುಗಿ ಮೀನು ಹಿಡಿಯುವ ನೀರುಕಾಗೆಯೂ, ಕತ್ತನ್ನು ಮಾತ್ರ ಹೊರಗಿಟ್ಟು ಹಾವಿನಂತೆ ಈಜುವ ಹಾವಕ್ಕಿಯೂ ಅಲ್ಲಿರುತ್ತವೆ. ಅದಕ್ಕಿಂತ ತುಸು ತೆಳುವಾದ ನೀರಿನಲ್ಲಿ ಸಿಳ್ಳೆ ಬಾತುಗಳು, ಹಣೆಯ ಮೇಲೆ ಬಿಳಿಯ ನಾಮವಿಟ್ಟ ನಾಮದ ಕೋಳಿಗಳು, ಚಳಿಗಾಲಕ್ಕೆ ಉತ್ತರದಿಂದ ಬರುವ ಸೂಜಿಬಾಲದ ಬಾತುಗಳು ತಂಗುತ್ತವೆ. ನೀರಿನ ಮೇಲೆ ಎಲೆಗಳು ಹರಡಿದಲ್ಲಿ ದೇವನಕ್ಕಿಯನ್ನು ಹುಡುಕಬೇಕು. ಅದರ ಕಾಲ್ಬೆರಳುಗಳು ದೇಹಕ್ಕೆ ಹೋಲಿಸಿದರೆ ಬಹು ಉದ್ದ. ಭಾರವು ಹಂಚಿಹೋಗುವುದರಿಂದ ತಾವರೆಯ ಎಲೆಯ ಮೇಲೆ ಅದು ಮುಳುಗದೆ ನಡೆಯಬಲ್ಲದು. ಜೊಂಡಿನ ಅಂಚಿನಲ್ಲಿ ನೇರಳೆ ಜಂಬುಕೋಳಿ, ಮೊಣಕಾಲುದ್ದದ ನೀರಿನಲ್ಲಿ ಬೆಳ್ಳಕ್ಕಿ, ಬಾಯ್ಕಳಕ ಕೊಕ್ಕರೆ. ಈ ಕೊಕ್ಕರೆಯ ಎರಡು ಕೊಕ್ಕುಗಳ ನಡುವೆ ಒಂದು ಸಂದು ಇರುತ್ತದೆ. ಬಸವನಹುಳುವನ್ನು ಹಿಡಿದು ಚಿಪ್ಪಿನಿಂದ ಬಿಡಿಸಲು ಅದಕ್ಕೆ ಅದು ಅನುಕೂಲ. ನೀರು ಹಿಂದೆ ಸರಿದು ಕೆಸರು ತೆರೆದಾಗ ಸಣ್ಣ ಸಣ್ಣ ಉಲ್ಲಂಕಿಗಳು ಬಂದು ಹುಳು ಕೆದಕುತ್ತವೆ. ಹೀಗೆ ಒಂದೇ ಕೆರೆಯು ಒಂದೊಂದು ತಿಂಗಳಿಗೆ ಒಂದೊಂದು ಬಗೆಯ ಅತಿಥಿಗೆ ಎಲೆ ಹಾಕುತ್ತದೆ. ಕೆರೆಯು ವರ್ಷವಿಡೀ ತುಂಬಿಯೇ ಇದ್ದರೂ ಕೆಲವು ಹಕ್ಕಿಗಳಿಗೆ ಹಸಿವು. ವರ್ಷವಿಡೀ ಬತ್ತಿದ್ದರೆ ಎಲ್ಲಕ್ಕೂ ಹಸಿವು.

ಹಾಗಾದರೆ ಈ ಏರಿಳಿತವನ್ನು ನಡೆಸುವವರಾರು? ನಕುರುವಿನಲ್ಲಿ ಮಳೆ ಮತ್ತು ಬಿಸಿಲು. ನಮ್ಮಲ್ಲಿ ಮಳೆ ಮತ್ತು ಬಿಸಿಲಿನ ಜೊತೆಗೆ ಒಬ್ಬ ರೈತನ ಕೈಯೂ ಇದೆ. ಗದ್ದೆಗೆ ಎಷ್ಟು ನೀರು ಬೇಕು, ಎಂದು ಬೇಕು ಎಂಬುದನ್ನು ನೋಡಿ ತೂಬನ್ನು ತೆಗೆಯುವವನು ಅವನು. ಅವನಿಗೆ ಹಕ್ಕಿಯ ಯೋಚನೆ ಇದ್ದೀತು, ಇಲ್ಲದಿದ್ದೀತು. ಭತ್ತದ ಯೋಚನೆಯಂತೂ ಇದ್ದೇ ಇದೆ. ಅವನು ಭತ್ತಕ್ಕಾಗಿ ಕಾಯ್ದ ನೀರಿನಲ್ಲಿಯೇ ಹಕ್ಕಿಯ ಊಟವೂ ನಡೆಯುತ್ತದೆ.

ಕುಡಚಡೆಯ ಬಳಿಯ ನಂದಾ ಕೆರೆಯು ಇದಕ್ಕೆ ಇನ್ನೊಂದು ನಿದರ್ಶನ. ಝುವಾರಿ ನದಿಯ ಉಪನದಿಯೊಂದರ ಪಕ್ಕದಲ್ಲಿರುವ ಈ ಜವುಗು ಕೆರೆಯ ವಿಸ್ತಾರ ಕೇವಲ 42 ಹೆಕ್ಟೇರು. ಮಳೆಗಾಲ ಕಳೆದ ಮೇಲೆ ಜನರು ಇದರಲ್ಲಿ ನೀರು ನಿಲ್ಲಿಸಿಕೊಂಡು ಕೆಳಗಿನ ಗದ್ದೆಗಳಲ್ಲಿ ಭತ್ತ ಬೆಳೆಯುತ್ತಾರೆ, ಮೀನನ್ನೂ ಹಿಡಿಯುತ್ತಾರೆ. ಕರಿತಲೆಯ ಕೆಂಬರಲು, ಮಿಂಚುಳ್ಳಿ, ಗರುಡ, ದೇವನಕ್ಕಿ, ಸಿಳ್ಳೆ ಬಾತು ಮೊದಲಾದವು ಅಲ್ಲಿ ನೆಲೆಸಿವೆ. 1971ರಲ್ಲಿ ಇರಾನ ದೇಶದ ರಾಮ್ಸರ್ ಎಂಬ ಊರಿನಲ್ಲಿ ಅನೇಕ ರಾಷ್ಟ್ರಗಳು ಸೇರಿ ಜವುಗು ನೆಲಗಳನ್ನು ಕಾಪಾಡಲು ಒಂದು ಒಪ್ಪಂದವನ್ನು ಮಾಡಿಕೊಂಡವು. ಆ ಒಪ್ಪಂದದ ಯಾದಿಯಲ್ಲಿ ನಕುರು ಸರೋವರವು 1990ರಲ್ಲಿ ಸೇರಿತು. ನಂದಾ ಕೆರೆಯು 2022ರಲ್ಲಿ ಸೇರಿತು. ಗೋವೆಯಿಂದ ಆ ಯಾದಿಗೆ ಸೇರಿದ ಮೊದಲ ಸ್ಥಳ ಇದೇ. ಆಫ್ರಿಕದ ಆ ಹೆಸರುವಾಸಿ ಸರೋವರವೂ ಕುಡಚಡೆಯ ಈ ಪುಟ್ಟ ಕೆರೆಯೂ ಒಂದೇ ಯಾದಿಯಲ್ಲಿವೆ ಎಂಬುದನ್ನು ನಮ್ಮ ಹುಡುಗನು ತಿಳಿಯಲಿ.

ಕೆರೆಯ ನೀರು ತಿಂಗಳುಗಳ ಲೆಕ್ಕದಲ್ಲಿ ಏರಿಳಿದರೆ, ಸಮುದ್ರದ ಸಮೀಪದ ನದಿಯ ನೀರು ತಾಸುಗಳ ಲೆಕ್ಕದಲ್ಲಿ ಏರಿಳಿಯುತ್ತದೆ. ಅದನ್ನು ನೋಡಬೇಕಾದರೆ ಮಾಂಡವಿ ನದಿಯ ಚೋಡಣ ದ್ವೀಪಕ್ಕೆ ಹೋಗಬೇಕು. ಖಾನಾಪುರದ ಅಡವಿಯಲ್ಲಿ ಹುಟ್ಟಿ ಮಹಾದಾಯಿ ಎಂದು ಕರೆಯಿಸಿಕೊಳ್ಳುವ ನದಿಯೇ ಇಲ್ಲಿ ಮಾಂಡವಿ. ರಾಯಬಂದರದಿಂದ ದೋಣಿಯಲ್ಲಿ ನದಿಯನ್ನು ದಾಟಿದರೆ ದ್ವೀಪದ ಪಶ್ಚಿಮದ ತುದಿಯಲ್ಲಿ ಡಾ. ಸಲೀಂ ಅಲಿ ಪಕ್ಷಿಧಾಮವಿದೆ. 1988ರಲ್ಲಿ ಸ್ಥಾಪಿತವಾದ ಈ ಧಾಮವು ಎರಡು ಚದರ ಕಿಲೋಮೀಟರಿಗಿಂತಲೂ ಚಿಕ್ಕದು. ಸಲೀಂ ಅಲಿಯವರು (1896–1987) ಭಾರತದ ಪಕ್ಷಿಗಳ ಅಧ್ಯಯನಕ್ಕೆ ತಮ್ಮ ಬಾಳನ್ನೇ ಮುಡಿಪಾಗಿಟ್ಟವರು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದುದು ಅವರ ಸಲಹೆಯಿಂದಲೇ.

ಚೋಡಣದಲ್ಲಿ ಕಾಂಡ್ಲಾ ಮರಗಳ ಕಾಡಿದೆ. ಉಪ್ಪುನೀರಿನಲ್ಲಿ ನಿಂತ ಈ ಮರಗಳ ಬೇರುಗಳು ಗಾಳಿಗಾಗಿ ಕೆಸರಿನಿಂದ ಮೇಲಕ್ಕೆ ಚಾಚಿಕೊಂಡಿರುತ್ತವೆ. ಭರತದ ವೇಳೆಯಲ್ಲಿ ಆ ಬೇರುಗಳೆಲ್ಲ ಮುಳುಗಿ, ಹಕ್ಕಿಗಳು ಕೊಂಬೆಗಳ ಮೇಲೆ ಕಾದು ಕುಳಿತಿರುತ್ತವೆ. ಇಳಿತವಾದಾಗ ಕೆಸರು ತೆರೆದು, ಏಡಿಗಳೂ ನೆಲದ ಮೇಲೆ ಕುಪ್ಪಳಿಸುವ ಕೆಸರುಮೀನುಗಳೂ ಹೊರಬೀಳುತ್ತವೆ. ಬಕಗಳಿಗೆ ಅದೇ ಊಟದ ಘಂಟೆ. ಆದುದರಿಂದ ಇಲ್ಲಿಗೆ ಹೋಗುವವರು ಗಡಿಯಾರವನ್ನಲ್ಲ, ಭರತ–ಇಳಿತದ ವೇಳೆಯನ್ನು ಮೊದಲೇ ಕೇಳಿಕೊಂಡು ಹೋಗತಕ್ಕದ್ದು.

ಗೋವೆಯ ಖಾಜನ ಗದ್ದೆಗಳೂ ಈ ಏರಿಳಿತದ ಮೇಲೆಯೇ ನಿಂತಿವೆ. ನದಿಯ ಉಪ್ಪುನೀರು ಒಳನುಗ್ಗದಂತೆ ಹಿಂದಿನವರು ಮಣ್ಣಿನ ಬಾಂಧುಗಳನ್ನು ಕಟ್ಟಿ, ಅಲ್ಲಲ್ಲಿ ಮರದ ಬಾಗಿಲಿನ ತೂಬುಗಳನ್ನಿಟ್ಟರು. ಇದಕ್ಕೆ ಕೊಂಕಣಿಯಲ್ಲಿ ಮಾನಸ ಎನ್ನುತ್ತಾರೆ. ಭರತದ ನೀರಿನ ಒತ್ತಡಕ್ಕೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಇಳಿತವಾದಾಗ ಒಳಗಿನ ನೀರಿನ ಒತ್ತಡಕ್ಕೆ ತಾನೇ ತೆರೆಯುತ್ತದೆ. ಮಾಂಡವಿಯನ್ನೂ ಝುವಾರಿಯನ್ನೂ ಕೂಡಿಸುವ ಕುಂಭಾರಜುವೆ ಕಾಲುವೆಯಲ್ಲಿ ಮೊಸಳೆಗಳುಂಟು. ಆ ಭಾಗದ ಕೆಲವು ಗ್ರಾಮಗಳ ರೈತರು ಪುಷ್ಯ ಮಾಸದ ಅಮಾವಾಸ್ಯೆಯಂದು ಮಣ್ಣಿನಲ್ಲಿ ಮೊಸಳೆಯನ್ನು ಮಾಡಿ ಪೂಜಿಸುತ್ತಾರೆ. ತಮ್ಮ ಬಾಂಧನ್ನೂ ಗದ್ದೆಯನ್ನೂ ಅದು ಕಾಯಲೆಂಬುದು ಅವರ ಪ್ರಾರ್ಥನೆ. ನಮ್ಮವರು ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತನ್ನು ಮಾಡಿದಂತೆ ಇವರು ಮೊಸಳೆಯನ್ನು ಮಾಡುತ್ತಾರೆ. ನೆಲವನ್ನು ನಂಬಿದವರ ಭಕ್ತಿ ಎಲ್ಲ ಕಡೆಯೂ ಒಂದೇ ಬಗೆಯದು.

ಇನ್ನು ನೋಡುವ ಕ್ರಮವನ್ನು ಹೇಳಬೇಕು. ಕೆರೆಯ ಹಕ್ಕಿಗಳಿಗೆ ನವೆಂಬರದಿಂದ ಫೆಬ್ರುವರಿಯವರೆಗಿನ ಕಾಲವು ಉತ್ತಮ. ವೇಳೆ ಬೆಳಗಿನ ಮೊದಲ ಎರಡು ತಾಸು. ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಬೇಕು, ಇಲ್ಲವಾದರೆ ಎಲ್ಲ ಹಕ್ಕಿಗಳೂ ಕಪ್ಪಾಗಿಯೇ ತೋರುತ್ತವೆ. ಮಾಸಿದ ಬಣ್ಣದ ಬಟ್ಟೆ ಇರಲಿ. ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ತಾಳ್ಮೆ ಸಾಕು. ಹಕ್ಕಿಯನ್ನು ಕಂಡೊಡನೆ ಹೆಸರು ಕೇಳುವುದಕ್ಕಿಂತ ಮೊದಲು ನಾಲ್ಕು ಸಂಗತಿಗಳನ್ನು ವಹಿಯಲ್ಲಿ ಬರೆದುಕೊಳ್ಳಿರಿ: ಗಾತ್ರ ಕಾಗೆಗಿಂತ ದೊಡ್ಡದೋ ಚಿಕ್ಕದೋ, ಕೊಕ್ಕಿನ ಆಕಾರ ಹೇಗೆ, ಎಷ್ಟು ಆಳದ ನೀರಿನಲ್ಲಿತ್ತು, ಏನು ಮಾಡುತ್ತಿತ್ತು. ಹೆಸರು ಮನೆಗೆ ಬಂದ ಮೇಲೆ ಪುಸ್ತಕದಲ್ಲಿ ಸಿಕ್ಕೀತು. ಈ ನಾಲ್ಕು ಸಂಗತಿಗಳು ಕೆರೆಯ ದಂಡೆಯಲ್ಲದೆ ಬೇರೆಲ್ಲಿಯೂ ಸಿಗಲಾರವು.

ಗದ್ದಲ ಮಾಡಕೂಡದೆಂದು ಎಲ್ಲರೂ ಹೇಳುತ್ತಾರೆ. ಏಕೆ ಮಾಡಕೂಡದೆಂಬುದನ್ನು ನಾನು ನಾಚಿಕೆಪಟ್ಟು ಕಲಿತೆನು. ನಮ್ಮ ಮಕ್ಕಳನ್ನು ಕರಮಳಿಗೆ ಕರೆದೊಯ್ದ ಮೊದಲ ಸಲ, ಕೆರೆಯ ನಡುವೆ ಕಂದುಬಣ್ಣದ ಬಾತುಗಳು ಗುಂಪಾಗಿ ಸುಮ್ಮನೆ ಕುಳಿತಿದ್ದವು. ದೂರದಿಂದ ಅವು ಮಣ್ಣಿನ ಹೆಂಟೆಗಳಂತೆ ಕಾಣುತ್ತಿದ್ದುದರಿಂದ ಮಕ್ಕಳಿಗೆ ಬೇಸರವಾಗತೊಡಗಿತು. ಹಾರಿದರೆ ಚೆನ್ನಾಗಿ ಕಂಡಾವೆಂದು ನಾನೇ ಎರಡು ಸಲ ಜೋರಾಗಿ ಚಪ್ಪಾಳೆ ತಟ್ಟಿದೆ. ನೂರಾರು ಬಾತುಗಳು ಸಿಳ್ಳೆಯ ದನಿ ಮಾಡುತ್ತ ಒಮ್ಮೆಲೆ ಎದ್ದವು, ಮಕ್ಕಳು ಕುಣಿದರು. ಏರಿಯ ಮೇಲೆ ಹಾರೆ ಹಿಡಿದು ನಿಂತಿದ್ದ ಒಬ್ಬ ಮುದುಕರು ಹತ್ತಿರ ಬಂದು, "ಮಾಸ್ತರ, ಅವು ರಾತ್ರಿಯೆಲ್ಲ ಮೇದು ಬಂದು ಈಗಷ್ಟೇ ಕಣ್ಣು ಮುಚ್ಚಿದ್ದವು" ಎಂದು ಕೊಂಕಣಿಯಲ್ಲಿ ಹೇಳಿ, ತಮ್ಮ ಕೆಲಸಕ್ಕೆ ಮರಳಿದರು. ಸಿಳ್ಳೆ ಬಾತುಗಳು ಹೆಚ್ಚಾಗಿ ರಾತ್ರಿಯಲ್ಲಿ ಮೇಯುತ್ತವೆಂಬ ಸಂಗತಿಯನ್ನು ನಾನು ಪುಸ್ತಕದಲ್ಲಿ ಓದಿದ್ದೆ, ನೆನಪಿಟ್ಟಿರಲಿಲ್ಲ. ಮಕ್ಕಳ ಮುಂದೆ ಆ ದಿನ ನಾನು ತಪ್ಪನ್ನು ಒಪ್ಪಿಕೊಂಡೆ. ದೂರದೂರದಿಂದ ಬಂದ ಹಕ್ಕಿಯು ಇಲ್ಲಿ ಸಂಪಾದಿಸಿದ ಕೊಬ್ಬೇ ಅದರ ಮರುಪ್ರಯಾಣದ ಬುತ್ತಿ. ನಾವು ಒಂದು ಸಲ ಎಬ್ಬಿಸಿದರೆ ಆ ಬುತ್ತಿಯಿಂದ ಒಂದು ತುತ್ತನ್ನು ಕಸಿದಂತೆಯೇ ಸರಿ.

ಈ ಮರುಪ್ರಯಾಣವೆಷ್ಟು ದೊಡ್ಡದೆಂಬುದನ್ನು ತಿಳಿಯಲು ನಮ್ಮ ಇನ್ನೊಂದು "ಕಡೆ"ಯಾದ ಗದಗ ಜಿಲ್ಲೆಗೆ ಹೋಗೋಣ. ಶಿರಹಟ್ಟಿ ತಾಲೂಕಿನ ಮಾಗಡಿ ಗ್ರಾಮದ ಕೆರೆಯು ಸುಮಾರು 50 ಹೆಕ್ಟೇರಿನದು. ಅದೂ ನೀರಾವರಿಗೆಂದೇ ಕಟ್ಟಿದ್ದು. ಚಳಿಗಾಲ ಬಂದಿತೆಂದರೆ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆಯಾಗಿ ಅಲ್ಲಿಗೆ ಇಳಿಯುತ್ತವೆ. ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳು ಇದರ ಗುರುತು. ಟಿಬೆಟ ಮತ್ತು ಮಂಗೋಲಿಯದ ಎತ್ತರದ ಸರೋವರಗಳಲ್ಲಿ ಇವು ಮರಿ ಮಾಡುತ್ತವೆ. ಮಂಗೋಲಿಯದಲ್ಲಿ ಕುತ್ತಿಗೆಗೆ ಸಂಖ್ಯೆಯ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ. ನಡುವೆ ಹಿಮಾಲಯ! ಏಳು ಸಾವಿರ ಮೀಟರಿಗೂ ಮೇಲೆ ಇವು ಹಾರಿದುದನ್ನು ಯಂತ್ರಗಳ ನೆರವಿನಿಂದ ಅಳೆದಿದ್ದಾರೆ. ಅಂಥ ತೆಳುಗಾಳಿಯಲ್ಲಿಯೂ ಪ್ರಾಣವಾಯುವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಗುಣ ಇವುಗಳ ರಕ್ತಕ್ಕಿದೆ. ಹಗಲು ಕೆರೆಯಲ್ಲಿ ತಂಗಿ, ಹೊತ್ತು ಇಳಿದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಮೇಯುವುದು ರೈತರ ಬೆಳೆಯನ್ನೇ ಎಂಬುದನ್ನು ನಾವು ಮರೆಯಬಾರದು. ಅಲ್ಲಿಯ ರೈತರು ಅಷ್ಟನ್ನು ಸಹಿಸಿಕೊಂಡಿರುವುದರಿಂದಲೇ ಆ ಹಕ್ಕಿಗಳು ವರ್ಷವರ್ಷವೂ ಮರಳಿ ಬರುತ್ತಿವೆ. 2024ರಲ್ಲಿ ಮಾಗಡಿ ಕೆರೆಯ ಹೆಸರೂ ರಾಮ್ಸರ್ ಯಾದಿಗೆ ಸೇರಿತು.

"ಹಕ್ಕಿಯಾಯಿತು, ನಕುರುವಿನಂತೆ ನೀರಿನ ದಂಡೆಯಲ್ಲಿ ದೊಡ್ಡ ಪ್ರಾಣಿಗಳು?" ಎಂದು ಆ ಹುಡುಗನು ಕೇಳಿಯಾನು. ಮೈಸೂರು ಸೀಮೆಯಲ್ಲಿ ಬಂಡೀಪುರ ಮತ್ತು ನಾಗರಹೊಳೆಯ ಅಡವಿಗಳ ನಡುವೆ ಕಬಿನಿ ಜಲಾಶಯವಿದೆ. ಅದರ ಅಣೆಕಟ್ಟು ಪೂರ್ಣಗೊಂಡುದು 1974ರಲ್ಲಿ. ಬೇಸಗೆಯಲ್ಲಿ ಹಿನ್ನೀರು ಇಳಿದಾಗ ತೆರವಾದ ನೆಲದಲ್ಲಿ ಹಸಿಹುಲ್ಲು ಚಿಗುರುತ್ತದೆ. ಆಗ ಎರಡೂ ಅಡವಿಗಳ ಆನೆಗಳು ಹಿಂಡುಹಿಂಡಾಗಿ ಅಲ್ಲಿ ಕೂಡುತ್ತವೆ. ಇಲ್ಲಿಯೂ ನೋಡಿರಿ, ಕಾರಣ ನೀರಿನ ಇಳಿತವೇ.

ಕೊನೆಗೆ ಮತ್ತೆ ಆಫ್ರಿಕದ ಮಾತಿಗೇ ಬರುತ್ತೇನೆ. ನಾವು ಅಲ್ಲಿಗೆ ಹೋಗಲಾರೆವೇನೋ. ಆದರೆ ನಮ್ಮ ನೆತ್ತಿಯ ಮೇಲಿಂದಲೇ ಅಲ್ಲಿಗೆ ಹೋಗುವ ಹಕ್ಕಿಯೊಂದುಂಟು. ಪಾರಿವಾಳದಷ್ಟು ಗಾತ್ರದ ಅಮೂರ್ ಚಾಣವು ಸೈಬೀರಿಯ ಮತ್ತು ಉತ್ತರ ಚೀನದಲ್ಲಿ ಮರಿ ಮಾಡಿ, ಅಕ್ಟೋಬರದ ಸುಮಾರಿಗೆ ಭಾರತದ ಈಶಾನ್ಯಕ್ಕೆ ಬಂದು, ಅಲ್ಲಿಂದ ದೇಶವನ್ನು ಅಡ್ಡಹಾಯ್ದು, ಅರಬ್ಬೀ ಸಮುದ್ರವನ್ನು ಎಲ್ಲಿಯೂ ಇಳಿಯದೆ ದಾಟಿ ಆಫ್ರಿಕವನ್ನು ಸೇರುತ್ತದೆ. ನಾಗಾಲ್ಯಾಂಡದ ದೋಯಾಂಗ ಜಲಾಶಯದ ದಂಡೆಯಲ್ಲಿ ಇವು ಲಕ್ಷಗಟ್ಟಲೆಯಾಗಿ ತಂಗುತ್ತವೆ. 2012ರಲ್ಲಿ ಅಲ್ಲಿಯ ಜನರು ಬಲೆ ಒಡ್ಡಿ ಇವುಗಳನ್ನು ಸಾವಿರಸಾವಿರವಾಗಿ ಹಿಡಿದು ಮಾರಿದ ಸುದ್ದಿ ಪ್ರಪಂಚಕ್ಕೆಲ್ಲ ತಿಳಿಯಿತು. ಪಾಂಗ್ತಿ ಮೊದಲಾದ ಊರಿನವರು ಸೇರಿ ಯೋಚಿಸಿ ಬೇಟೆಯನ್ನು ನಿಲ್ಲಿಸಿದರು. ಮರುವರ್ಷವೇ, 2013ರಲ್ಲಿ, ಹಕ್ಕಿಗಳು ನಿರ್ಭಯವಾಗಿ ತಂಗಿ ಮುಂದೆ ಸಾಗಿದವು. ಆ ವರ್ಷ ದಾರಿ ತಿಳಿಯಲೆಂದು ಯಂತ್ರ ಕಟ್ಟಿ ಬಿಟ್ಟ ಮೂರು ಹಕ್ಕಿಗಳಲ್ಲಿ ಒಂದಕ್ಕೆ ಪಾಂಗ್ತಿ ಎಂದೇ ಹೆಸರಿಟ್ಟರು. ಆ ಬೇಟೆ ಅವರಿಗೆ ಸಂಪಾದನೆಯ ಮಾರ್ಗವಾಗಿತ್ತು, ಬಿಡುವುದು ಸುಲಭವಾಗಿರಲಿಲ್ಲ. ಆದರೂ ಬಿಟ್ಟರು.

ಪಾಲಕರಲ್ಲಿ ಒಂದು ಮಾತು. ತಮ್ಮಲ್ಲಿ ಅನೇಕರು ಹೊಲವನ್ನೂ ಕೆರೆಯನ್ನೂ ಬಿಟ್ಟು ಅನ್ನಕ್ಕಾಗಿ ಈ ನಾಡಿಗೆ ಬಂದವರು. ತಾವು ಬಿಟ್ಟುಬಂದ ಊರಿನ ಕೆರೆಯಲ್ಲಿ ಹೂಳು ತುಂಬಿರಬಹುದು, ಜಾಲಿ ಬೆಳೆದಿರಬಹುದು, ತೂಬು ಕೆಟ್ಟಿರಬಹುದು. ಗೋವೆಯಲ್ಲಿಯೂ ಗದ್ದೆಗಳು ಬೀಳುಬೀಳುತ್ತಿವೆ. ಭತ್ತ ಬೆಳೆಯುವವನಿಲ್ಲವಾದರೆ ತೂಬು ಕಾಯುವವನೂ ಇರನು. ಅಂಥ ಕೆರೆಗೆ ಶತ್ರುವೇ ಬೇಕಿಲ್ಲ, ಮರೆವೊಂದೇ ಸಾಕು. ನಕುರುವಿನ ಮಳೆಯನ್ನು ತಡೆಯುವುದು ಯಾರ ಕೈಯಲ್ಲಿಯೂ ಇರಲಿಲ್ಲ. ನಮ್ಮ ತೂಬು ನಮ್ಮ ಕೈಯಲ್ಲಿದೆ.

ಆದುದರಿಂದ, ವಿದ್ಯಾರ್ಥಿಗಳೆ, ಈ ಬೇಸಗೆಯಲ್ಲಿ ಊರಿಗೆ ಹೋದಾಗ ಅಜ್ಜ ಅಜ್ಜಿಯರನ್ನು ಮೂರು ಪ್ರಶ್ನೆ ಕೇಳಿರಿ. ನಮ್ಮೂರ ಕೆರೆಯ ತೂಬನ್ನು ಯಾರು ತೆಗೆಯುತ್ತಾರೆ? ಕೆರೆಯ ಹೂಳನ್ನು ಕಡೆಯ ಸಲ ತೆಗೆದದ್ದು ಎಂದು? ಮೊದಲು ಬರುತ್ತಿದ್ದು ಈಗ ಬಾರದಿರುವ ಹಕ್ಕಿ ಯಾವುದು? ಊರಿಗೆ ಹೋಗದವರು ಗೋವೆಯ ಯಾವುದಾದರೂ ಕೆರೆಯ ಏರಿಯ ಮೇಲೆ ಹಾರೆ ಹಿಡಿದು ನಿಂತವರನ್ನು ಕೇಳಿರಿ. ಉತ್ತರಗಳನ್ನು ವಹಿಯಲ್ಲಿ ಬರೆದು, ಶಾಲೆ ತೆರೆದ ಮೊದಲ ವಾರದಲ್ಲಿ ನನಗೆ ಒಪ್ಪಿಸಿರಿ. ಹಿಂದಿನ ಸಾಲಿನ ಆ ಹುಡುಗನ ವಹಿಯನ್ನಂತೂ ನಾನು ಕಾದಿರುತ್ತೇನೆ.